ಬಾಗಲಾ ತಗಿ, ಕಸಾ ತಗಿ

ಶೀಗಿ ಹುಣ್ಣಿವಿ ಮುಗಿದ ಮರುವಾರ ಹೆಡ್‌ಮಾಸ್ತರರು ಕೈಯಲ್ಲಿ ಒಂದು ಪತ್ರ ಹಿಡಿದುಕೊಂಡು ಬಂದು, "ಆಯಿ, ಕಂಪ್ಯೂಟರ್ ಖೋಲಿ ಕೀಲಿ ತಗದ ಹಾಕ್ರಿ" ಅಂದರು. ನಾನು ಸೊಂಟದಿಂದ ಕೀಲಿಕೈ ಹಿರಿದು ಬಾಗಿಲು ತೆಗೆದೆ. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ನಾನು ಆ ಹೈಸ್ಕೂಲಿನ ಸಿಪಾಯಿ. ಗಂಟೆ ಬಾರಿಸುವುದು, ನೀರು ತುಂಬುವುದು, ಕಸ ಹೊಡೆಯುವುದು, ಖೋಲಿಗಳ ಬಾಗಿಲು ತೆಗೆಯುವುದು ಮತ್ತು ಹಾಕುವುದು ನನ್ನ ಕೆಲಸ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಮುದುಕಿ ಕಂಪ್ಯೂಟರಿನ ಬಗ್ಗೆ ಏನು ಬರೆದಾಳು ಅಂತ ಅನ್ನುವವರು ಅನ್ನಲಿ. ಆ ಕೆಲಸದೊಳಗೆ ನಾನು ಮಾಡಿದ್ದೂ ಐತಿ, ಕೆಡಿಸಿದ್ದೂ ಐತಿ. ಎರಡನ್ನೂ ಬರೆಯುತ್ತೇನೆ.

ಇದು ಎರಡು ಸಾವಿರದ ಎಂಟರ ಸುಮಾರಿನ ಮಾತು. ನಮ್ಮೂರು ಕಟಕೋಳದ ಆಚೆ, ರಾಮದುರ್ಗದಿಂದ ಬಸ್ಸಿಗೆ ಮುಕ್ಕಾಲು ತಾಸು. ಗಂಡು ಹುಡುಗರನ್ನು ಪ್ಯಾಟಿ ಸಾಲಿಗೆ ಬಸ್ಸು ಹತ್ತಿಸುತ್ತಿದ್ದರು. ಊರ ಸಾಲಿಗೆ ಉಳಿದವರು ಹೆಣ್ಣುಮಕ್ಕಳೇ ಹೆಚ್ಚು. ನನ್ನ ಮೊಮ್ಮಗಳೂ ಅವರೊಳಗೆ ಒಬ್ಬಳು, ಎಂಟನೇ ಇಯತ್ತೆ. ಖೋಲಿಯಲ್ಲಿ ಹತ್ತು ಕಂಪ್ಯೂಟರ್ ಇದ್ದವು. ಆಕೆ ಅವುಗಳ ಮುಂದೆ ಕೂತದ್ದು ಒಂದೇ ಸಲ, ಅದೂ ಧೂಳು ಒರೆಸಲಿಕ್ಕೆ.

ಪತ್ರದಲ್ಲಿ ಇದ್ದದ್ದು ಇಷ್ಟು. ಎಳ್ಳಮಾಸಿಯ ಹೊತ್ತಿಗೆ ತಾಲೂಕಿನಿಂದ ಸಾಹೇಬರು ನೋಡಲು ಬರುತ್ತಾರೆ. ನಡೆಯದ ಮಷೀನುಗಳಿದ್ದರೆ ಹೊತ್ತುಕೊಂಡು ಹೋಗಿ ಪ್ಯಾಟಿ ಸಾಲಿಗೆ ಕೊಡುತ್ತಾರೆ. ನಮ್ಮ ಹತ್ತರಲ್ಲಿ ನೆಟ್ಟಗಿದ್ದದ್ದು ಒಂದೇ. ಉಳಿದ ಒಂಬತ್ತರ ಒಳಗಿನ ಹಾರ್ಡ್ ಡಿಸ್ಕ್ ಅನ್ನೋದು ಧೂಳಿಗೋ, ಕರೆಂಟಿನ ಹೊಡೆತಕ್ಕೋ ಸತ್ತಿತ್ತು. ಕರೆಂಟ್ ಹೋದಾಗ ಹಿಡಿದಿಡುವ ಬ್ಯಾಟರಿ ಡಬ್ಬಿಯೂ ಸತ್ತಿತ್ತು. ಅದನ್ನು ನಾನು ಜೇಡರ ಬಲೆ ತೆಗೆಯುವಾಗ ಹತ್ತಿ ನಿಲ್ಲಲಿಕ್ಕೆ ಇಟ್ಟುಕೊಂಡಿದ್ದೆ.

"ಅಕ್ಕೋರ, ಮಷೀನ್ ಹೋದ್ರ ನಿಮ್ಮ ಕೆಲಸಾನೂ ಹೋದಂಗ" ಅಂದರು ಹೆಡ್‌ಮಾಸ್ತರರು.

ಅಕ್ಕೋರು ಅಂದರೆ ಕಂಪ್ಯೂಟರ್ ಕಲಿಸುವ ಹುಡುಗಿ. ರಾಮದುರ್ಗದವರು, ಅಪ್ಪ ಟೆಂಪೋ ಡ್ರೈವರ್. ದಿನಾ ಹತ್ತರ ಬಸ್ಸಿಗೆ ಬಂದು, ಬುರ್ಖಾ ಗೂಟಕ್ಕೆ ತೂಗುಹಾಕಿ, ನಾಲ್ಕೂಕಾಲಿನ ಬಸ್ಸಿಗೆ ಹೊರಡುವವರು. ಕಾಯಂ ನೌಕರಿ ಅಲ್ಲ.

"ಡಿಸ್ಕ್ ಸತ್ತೈತ್ರಿ ಸರ, ಮಷೀನ್ ಸತ್ತಿಲ್ಲ" ಅಂದರು ಅಕ್ಕೋರು. "ಡಿಸ್ಕ್ ಬ್ಯಾಡ. ಇಡೀ ವ್ಯವಸ್ಥಾನ ಒಂದ ಪೆನ್‌ಡ್ರೈವ್‌ನಾಗ ತುಂಬಿ, ಅಲ್ಲಿಂದನ ಮಷೀನ್ ಎಬ್ಬಸಬಹುದು."

ನಾನು ನೆಲ ಒರೆಸುತ್ತಿದ್ದವಳು ಕೇಳಿದೆ. "ಮನ್ಯಾಗ ಒಲಿ ಒಡದ್ರ ಅಂಗಳದಾಗ ಮೂರ ಕಲ್ಲ ಇಟ್ಟ ಅಡಗಿ ಮಾಡ್ತೇವಲ್ರಿ, ಹಂಗ?"

"ಹಂಗ ನೋಡ್ರಿ ಆಯಿ."

"ಹಂಗಾರ ಮಾಡ್ರಿ. ಮೂರ ಕಲ್ಲಿನ್ಯಾಗ ಮಾಡಿದ್ರೂ ಹೊಟ್ಟಿ ತುಂಬತೈತಿ."

ಸಾಲಿ ಸಮಿತಿಯವರು ಹತ್ತು ಪೆನ್‌ಡ್ರೈವ್ ಕೊಡಿಸಿದರು. ನಾನು ಒಂದೊಂದಕ್ಕೂ ದಾರ ಕಟ್ಟಿ, ನಂಬರ್ ಚೀಟಿ ಹಚ್ಚಿ, ಕೀಲಿಕೈ ತೂಗುಹಾಕುವ ಹಲಗೆಗೆ ಹತ್ತು ಮೊಳೆ ಹೊಡೆದು ನೇತು ಹಾಕಿದೆ. ಗಾತ್ರದಲ್ಲೂ ಅವು ಕೀಲಿಕೈಯಷ್ಟೇ ಇದ್ದವು.

ಅಕ್ಕೋರು ಬೈಲಹೊಂಗಲದ ಒಂದು ಇಂಟರ್ನೆಟ್ ಅಂಗಡಿಯಿಂದ ಪುಕ್ಕಟೆ ಸಿಗುವ ವ್ಯವಸ್ಥೆಯ ಸಿಡಿ ತರಿಸಿದರು. ಅದರೊಳಗೆ ಸಾವಿರ ಸಾಮಾನನ್ನು ಒಂದೇ ಗಂಟಿನಲ್ಲಿ ಒತ್ತಿ ಒತ್ತಿ ತುಂಬಿರುತ್ತಾರಂತೆ. ಆ ಗಂಟು ಬಿಚ್ಚಬೇಕು, ನಮಗೆ ಬೇಡಾದ್ದನ್ನು ಹೊರಗಿಡಬೇಕು, ಕನ್ನಡದ ಅಕ್ಷರ, ಚಿತ್ರ ಬರೆಯುವುದು, ಲೆಕ್ಕದ ಆಟ ಇಂಥವನ್ನು ಒಳಗಿಡಬೇಕು. ಆಮೇಲೆ ತಿರುಗಿ ಗಂಟು ಕಟ್ಟಬೇಕು. ಕಟ್ಟಲಿಕ್ಕೆ ಆ ಒಂದು ನೆಟ್ಟಗಿನ ಮಷೀನಿಗೆ ಒಂದೂಕಾಲು ತಾಸು ಬೇಕು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಕಟ್ಟಬೇಕು. ನಮ್ಮೂರಲ್ಲಿ ಕರೆಂಟ್ ಹನ್ನೊಂದಕ್ಕೆ ಹೋದರೆ ಎರಡಕ್ಕೆ ಬರುತ್ತಿತ್ತು. ಅಕ್ಕೋರ ಬಸ್ಸು ಬರುವುದು ಹತ್ತಕ್ಕೆ. ಎರಡರ ಮೇಲಿನ ಹೊತ್ತು ಬಿಚ್ಚುವುದಕ್ಕೂ ಆರಿಸುವುದಕ್ಕೂ ಹೋಗುತ್ತಿತ್ತು. ಲೆಕ್ಕ ಹೊಂದಲಿಲ್ಲ. ಮೂರು ದಿನ ಗಂಟು ಅರ್ಧಕ್ಕೇ ನಿಂತಿತು.

ನಾಲ್ಕನೆಯ ದಿನ ಅಕ್ಕೋರು ಕೇಳಿದರು. "ಆಯಿ, ನೀವು ಮುಂಜಾನೆ ಎಷ್ಟಕ್ಕ ಬರ್ತೀರಿ?"

"ಏಳೂವರಿಗೆ. ಯಾಕ?"

"ನಾ ಹಿಂದಿನ ದಿನ ಎಲ್ಲಾ ತಯಾರ ಮಾಡಿ ಇಟ್ಟಿರ್ತೇನಿ. ನೀವು ಮಷೀನ್ ಹಚ್ಚಿ ಐದ ಅಕ್ಷರ ಒತ್ತಬೇಕು, ಅಷ್ಟ."

"ನನಗ ಇಂಗ್ಲಿಷ್ ಬರೂದಿಲ್ರಿ."

"ನಿಮಗ ಬಂದ್ರ ಊರಿಗೆಲ್ಲಾ ಬರ್ತೈತಿ ಆಯಿ. ಅದಕ್ಕ ನಿಮಗ ಹೇಳಾಕತ್ತೇನಿ."

"ಊರಾಗ ನನಕಿಂತ ದಡ್ಡಿ ಯಾರೂ ಇಲ್ಲ ಅಂದಂಗಾತಲ್ರಿ."

ಅಕ್ಕೋರು ನಾಲಿಗೆ ಕಚ್ಚಿಕೊಂಡರು. ನನಗೆ ಸಿಟ್ಟೇನೂ ಬಂದಿರಲಿಲ್ಲ. ಖರೇ ಮಾತಿಗೆ ಯಾಕೆ ಸಿಟ್ಟು?

ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟರು: ಕೆ, ಎ, ಟಿ, ಟಿ, ಯು. ಕಟ್ಟು. ಅಕ್ಷರದ ಆಕಾರ ನೋಡಿ, ಕೀಲಿಮಣೆಯ ಮೇಲೆ ಅದರ ಜೋಡಿ ಹುಡುಕಿ, ಕಾಳು ಆರಿಸಿದ ಹಾಗೆ ಒಂದೊಂದೇ ಒತ್ತಿದೆ. ಕಡೆಗೆ ಬಲಗಡೆಯ ದೊಡ್ಡ ಗುಂಡಿ. ಪರದೆ ಮೇಲೆ ಏನೇನೋ ಓಡಲಿಕ್ಕೆ ಹತ್ತಿತು. ನಾನು ಅಂಗಳ ಹೊಡೆದು, ಕೊಡ ತುಂಬಿಸಿ ಬರುವುದರೊಳಗೆ ಗಂಟು ಕಟ್ಟಿ ಮುಗಿದಿತ್ತು. ಹಂಗೇ ಎರಡನೆಯ ಚೀಟಿಯೂ ಬಂತು: ಸುರಿ. ಕಟ್ಟಿದ ಗಂಟನ್ನು ಪೆನ್‌ಡ್ರೈವಿಗೆ ಸುರಿಯುವುದು. ಒಂದು ಹೊತ್ತಿಗೆ ಎರಡು ಪೆನ್‌ಡ್ರೈವ್, ಇಪ್ಪತ್ತೈದು ಮಿನಿಟ್.

ಮೊದಲ ಎರಡನ್ನು ನಾನೇ ಕೆಡಿಸಿದೆ. ಪರದೆ ಮೇಲೆ ಮುಗಿಯಿತು ಅಂತ ಬಂದ ಕೂಡಲೇ ಕಿತ್ತೆ. ಅಕ್ಕೋರು ಬಂದು ಹಚ್ಚಿ ನೋಡಿದರೆ ಮಷೀನ್ ಅರ್ಧಕ್ಕೆ ಎದ್ದು ಕಪ್ಪಗಾಗಿ ಕೂತಿತು.

"ಪೆನ್‌ಡ್ರೈವಿನ ದೀಪಾ ಆರಿತ್ತೇನ್ರಿ ಆಯಿ?"

"ಮಿಣಮಿಣ ಅನ್ನಾಕತ್ತಿತ್ತು."

"ಅಂದ್ರ ಒಳಗ ಇನ್ನೂ ಇಳಿಯಾಕತ್ತಿತ್ತು."

"ಹಂಗಾರ ಮುಗೀತು ಅಂತ ಸುಳ್ಳ್ಯಾಕ ಹೇಳತೈತಿ ಅದು?"

"ಸುಳ್ಳಲ್ಲ, ಅವಸರ. ಇನ್ನ ಮ್ಯಾಲೆ ಪರದೆ ಏನರ ಅನ್ಲಿ, ನೀವು ದೀಪಾ ನೋಡ್ರಿ."

ಅಂದಿನಿಂದ ನಾನು ಪರದೆಯನ್ನು ನಂಬಲಿಲ್ಲ.

ಮುಂದೆ ಮಷೀನುಗಳನ್ನು ಎಬ್ಬಿಸುವ ಕೆಲಸ. ಗುಂಡಿ ಒತ್ತಿದ ಕೂಡಲೇ ಮಷೀನು ರೂಢಿಯಂತೆ ಸತ್ತ ಡಿಸ್ಕನ್ನೇ ಹುಡುಕಿಕೊಂಡು ಹೋಗುತ್ತದೆ. ಮೊದಲು ಪೆನ್‌ಡ್ರೈವ್ ನೋಡು ಅಂತ ಅದಕ್ಕೆ ಬುದ್ಧಿ ಹೇಳಬೇಕು. ಆರು ಮಷೀನು ಹೇಳಿದ್ದು ಕೇಳಿದವು. ನಾಲ್ಕು ಹಳೆಯವು, ಪೆನ್‌ಡ್ರೈವ್ ಅಂದರೆ ಏನಂತಲೇ ಅವಕ್ಕೆ ಗೊತ್ತಿಲ್ಲ. ಅಕ್ಕೋರು ಎರಡು ದಿನ ತಲೆ ಕೆರೆದುಕೊಂಡು, ಒಂದು ಸಣ್ಣ ಸಿಡಿ ಮಾಡಿದರು. ಸಿಡಿ ಮಷೀನನ್ನು ಅರ್ಧ ಎಬ್ಬಿಸಿ, ಪೆನ್‌ಡ್ರೈವಿನ ಕೈಗೆ ಒಪ್ಪಿಸಿ ಸುಮ್ಮನಾಗುತ್ತದೆ. ಆ ನಾಲ್ಕು ಏಳಲಿಕ್ಕೆ ಉಳಿದವುಗಳ ಎರಡು ಪಟ್ಟು ಹೊತ್ತು. ಆದರೂ ಎದ್ದವು.

ಹತ್ತೂ ಎದ್ದ ದಿನ ಹುಡುಗಿಯರು ಕುರ್ಚಿಗೆ ಮೂವರಂತೆ ಮುಕುರಿಕೊಂಡರು. ಮಧ್ಯಾಹ್ನ ಕರೆಂಟ್ ಹೋಯಿತು. ತಿರುಗಿ ಹಚ್ಚಿದಾಗ ಯಾರು ಬರೆದದ್ದೂ ಇಲ್ಲ. ಮಷೀನು ಎಲ್ಲವನ್ನೂ ತಲೆಯಲ್ಲಷ್ಟೇ ಇಟ್ಟುಕೊಂಡಿತ್ತು, ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ.

"ಥೇಟ್ ನನ್ನಂಗ" ಅಂದೆ.

ಅಕ್ಕೋರು ನಗಲಿಲ್ಲ. ಪೆನ್‌ಡ್ರೈವನ್ನು ಎರಡು ಖಾನೆ ಮಾಡಿದರು. ಮೊದಲ ಖಾನೆಯಲ್ಲಿ ನಮ್ಮ ಗಂಟು. ಅದನ್ನು ಹುಡುಗಿಯರು ಮುಟ್ಟುವ ಹಾಗಿಲ್ಲ. ಎರಡನೆಯದು ಅವರು ಬರೆದದ್ದನ್ನು ಇಡಲಿಕ್ಕೆ. ಸುರಿ ಅಂದಾಗ ಮೊದಲ ಖಾನೆಗೆ ಮಾತ್ರ ಸುರಿಯಬೇಕು, ಎರಡನೆಯದನ್ನು ಮುಟ್ಟಬಾರದು ಅಂತ ಅದರ ಒಳಗಿನ ಮಾತನ್ನೂ ತಿದ್ದಿದರು. ಹೀಗೆ ಕಟ್ಟಿ, ಸುರಿದು, ಬಿಚ್ಚಿ, ಮತ್ತೆ ಕಟ್ಟಿ, ಎಷ್ಟು ಸಲ ಅಂತ ನಾನು ಎಣಿಸಲಿಲ್ಲ. ಐದಕ್ಷರ ಹುಡುಕಲಿಕ್ಕೆ ಚೀಟಿ ಬೇಡಾಯಿತು, ಅಷ್ಟು ಸಲ.

ಸಾಹೇಬರು ಬರುವುದಕ್ಕೆ ಎರಡು ವಾರ ಇರುವಾಗ ಅಕ್ಕೋರು ಇಂಗ್ಲಿಷ್ ಅಕ್ಷರವನ್ನೆಲ್ಲ ಹೊರಗೆ ಹಾಕಿ, ಪರದೆ ತುಂಬ ಕನ್ನಡ ಕೂರಿಸಿದರು. ಪುಕ್ಕಟೆ ವ್ಯವಸ್ಥೆಯ ಜೊತೆಗೇ ಆ ಕನ್ನಡ ಬಂದಿತ್ತಂತೆ. ಯಾರೋ ಪುಣ್ಯಾತ್ಮರು ಕೂತು ಮಾಡಿದ್ದು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅಲ್ಲಿಯ ತನಕ ಚಿತ್ರ ನೋಡಿ ಒತ್ತುತ್ತಿದ್ದೆ, ಈಗ ಓದಿ ಒತ್ತಬಹುದು. ಓದಿದ್ದೇ ತಪ್ಪಾಯಿತು.

ಹುಡುಗಿಯರಿಗೆ ಅಕ್ಕೋರು ಒಂದು ಕೆಲಸ ಕೊಟ್ಟರು. ತಮ್ಮ ಮನಿಯಲ್ಲಿ ನಡೆಯುವ ಒಂದು ಕೆಲಸವನ್ನು ಹೇಗೆ ಮಾಡುತ್ತಾರೆ ಅಂತ ಒಂದು ಪುಟ ಬರೆದು, ಒಂದು ಚಿತ್ರ ತೆಗೆಯಬೇಕು. ಸಾಹೇಬರಿಗೆ ಅದನ್ನೇ ತೋರಿಸುವುದು. ಒಬ್ಬಳು ಕೂರಿಗೆ ಹೂಡುವುದನ್ನು ಬರೆದಳು, ಒಬ್ಬಳು ಸಂಡಿಗೆ ಹಾಕುವುದನ್ನು. ನನ್ನ ಮೊಮ್ಮಗಳು ನಾನು ಕೌದಿ ಹೊಲಿಯುವುದನ್ನು ಬರೆದು, ಕೌದಿಯ ಒಂದೊಂದು ಚೂರಿಗೂ ಬೇರೆ ಬಣ್ಣ ತುಂಬಿ ಚಿತ್ರ ತೆಗೆದಳು. ಅದಕ್ಕೇ ನಾಲ್ಕು ದಿನ ಹಿಡಿಯಿತು. ಮನಿಗೆ ಬಂದು, "ಆಯಿ, ನಿನ್ನ ಸೂಜಿ ಹಿಡದದ್ದೂ ತಗದೇನಿ, ಕೈಬೆರಳ ಮಾತ್ರ ಬದನಿಕಾಯಿ ಆಗ್ಯಾವ" ಅಂದಳು.

ಸಾಹೇಬರು ಬರುವುದು ಗುರುವಾರ ಅಂತ ಸುದ್ದಿ ಬಂತು. ಹಿಂದಿನ ಶುಕ್ರವಾರ ಸಂಜೆ ಬಸ್ಸಿಗೆ ಹೊರಟವರು ಅಕ್ಕೋರು ನನಗೆ ಹೇಳಿ ಹೋದರು. "ಆಯಿ, ನಾಳೆ ಶನಿವಾರ ಮುಂಜಾನಿ ಸಾಲಿ. ನಾ ಬರೂದರಾಗ ಹತ್ತೂ ಮಷೀನ್ ಹಚ್ಚಿ, ಹುಡುಗ್ಯಾರು ಬರದದ್ದನ್ನ ತಗದ ಇಟ್ಟಿರ್ರಿ. ಒಮ್ಮೆ ಎಲ್ಲಾ ನೋಡಿಬಿಡೂಣು."

ಶನಿವಾರ ನಸುಕಿಗೇ ಬಂದೆ. ಪೆನ್‌ಡ್ರೈವ್ ಸಿಗಿಸಿ, ನಾಲ್ಕು ಹಳೆಯವಕ್ಕೆ ಸಿಡಿ ಹಾಕಿ ಹಚ್ಚಿದೆ. ಮೊದಲಿನ ಆರು ಬೇಗ ಎದ್ದವು. ಪಟಪಟ ಎರಡು ಸಲ ಒತ್ತುವುದು ನನ್ನ ಬೆರಳಿಗೆ ಆಗುವುದಿಲ್ಲ, ಸಂದಿನ ನೋವು. ಅದಕ್ಕೆ ಅಕ್ಕೋರು ಮೌಸಿನ ಬಲಗಡೆ ಗುಂಡಿ ಒಮ್ಮೆ ಒತ್ತಿ, ಬರುವ ಪಟ್ಟಿಯೊಳಗೆ ಆರಿಸುವುದನ್ನು ಕಲಿಸಿದ್ದರು. ಒತ್ತಿದೆ. ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ 'ತೆರೆ' ಅಂತ ಇತ್ತು. ತೆರೆ ಅಂದರೆ ನಮ್ಮ ಕಡೆ ಬಯಲಾಟದ ಮುಂದೆ ಹಿಡಿಯುವ ಅರಿವೆ. ಅದು ನನಗೆ ಬೇಕಿರಲಿಲ್ಲ. ಕೆಳಗೆ ಇಳಿದು ನೋಡಿದೆ, 'ತೆಗೆದುಹಾಕು' ಅಂತ ಇತ್ತು. ಹೆಡ್‌ಮಾಸ್ತರರು ದಿನಾ ಮುಂಜಾನೆ ನನಗೆ ಹೇಳುವ ಮಾತು. ಒತ್ತಿದೆ. ಖಚಿತವೇ ಅಂತ ಕೇಳಿತು. ಹೌದು ಅಂದೆ.

ಪುಟ ಬರಲಿಲ್ಲ. ಆ ಮಷೀನುಗಳು ಒಂದು ಪುಟ ತೋರಿಸಲಿಕ್ಕೆ ಎರಡು ಮಿನಿಟ್ ತೆಗೆದುಕೊಳ್ಳುವುದು ಗೊತ್ತಿತ್ತು. ಅದರ ಮುಂದೆ ಯಾಕೆ ನಿಲ್ಲಲಿ? ಮುಂದಿನದಕ್ಕೆ ಹೋದೆ. ಹಾಗೇ ಆರೂ ಮಷೀನಿನೊಳಗೆ, ಒಂದೊಂದರೊಳಗೆ ಮೂರು ಹುಡುಗಿಯರ ಮೂರು ಪುಟ. ಒಂದನ್ನೂ ಬಿಡಲಿಲ್ಲ.

ಆಮೇಲೆ ಕಸಬರಿಗೆ ಹಿಡಿದು ತಿರುಗಿ ಬಂದೆ. ಆರರೊಳಗೂ ಪುಟ ಬಂದಿಲ್ಲ. ಪರದೆಯ ಮೂಲೆಯಲ್ಲಿ ಒಂದು ಕಸದ ಬುಟ್ಟಿ ಇರುತ್ತದೆ, ದಿನಾ ಖಾಲಿ ಇರುವಂಥದ್ದು. ಅವತ್ತು ಕಾಗದ ತುಂಬಿ ಹೊರಗೆ ಬಂದಿತ್ತು. ಕಸ ತುಂಬಿ ಗಟಾರ ಕಟ್ಟಿಕೊಂಡ ಹಾಗೆ ಮಷೀನ್ ಕಟ್ಟಿಕೊಂಡೈತಿ, ಅದಕ್ಕೇ ಪುಟ ಬರವಲ್ಲದು ಅಂತ ನನ್ನ ತಿಳಿವಳಿಕೆ. ಕಸದ ಬುಟ್ಟಿ ಖಾಲಿ ಮಾಡುವುದು ಮೊದಲೇ ನನ್ನ ಕೆಲಸ. ಆರನ್ನೂ ಖಾಲಿ ಮಾಡಿದೆ. ಅಷ್ಟರೊಳಗೆ ಗಂಟೆ ಬಾರಿಸುವ ಹೊತ್ತಾಯಿತು, ಹೋದೆ. ನಾಲ್ಕು ಹಳೆಯವು ಇನ್ನೂ ಏಳುತ್ತಲೇ ಇದ್ದವು. ಅವುಗಳ ಮೈಗಳ್ಳತನದಿಂದ ಹನ್ನೆರಡು ಹುಡುಗಿಯರ ಬರಹ ಉಳಿಯಿತು.

ಅಕ್ಕೋರ ಹಿಂದೆಯೇ ಉಳಿದ ಹದಿನೆಂಟು ಹುಡುಗಿಯರು ಬಂದು ಕೂತರು. ಯಾರ ಪುಟವೂ ಇಲ್ಲ. ಆಮೇಲೆ ಒಬ್ಬಳು ಅಳಲಿಕ್ಕೆ ಹತ್ತಿದಳು.

"ಯಾ ಅಲ್ಲಾ" ಅಂದರು ಅಕ್ಕೋರು. ಒಂದು ಮಷೀನಿನಿಂದ ಇನ್ನೊಂದಕ್ಕೆ ಓಡಿದರು. ಬುಟ್ಟಿಯೊಳಗೂ ಇಣುಕಿದರು. ಬುಟ್ಟಿ ಸ್ವಚ್ಛ ಇತ್ತು.

ಗದ್ದಲ ಕೇಳಿ ಹೆಡ್‌ಮಾಸ್ತರರು ಬಂದರು. "ವೈರಸ್ ಇರಬೇಕು."

"ಇದಕ್ಕ ಆ ವೈರಸ್ ಹತ್ತೂದಿಲ್ರಿ ಸರ."

"ಹಂಗಾರ ಪೆನ್‌ಡ್ರೈವ್ ಬರೋಬರಿ ಇಲ್ಲ. ಬರದದ್ದು ನಿಲ್ಲೂದಿಲ್ಲ ಅಂದ್ರ ಏನ್ ತೋರಸೂದ್ರಿ ಅಕ್ಕೋರ? ಗುರುವಾರ ಅವ್ರು ಬಂದಾಗ ಹಿಂಗಾದ್ರ? ಇದನ್ನ ಇಲ್ಲಿಗೇ ಬಿಡೂದು ಚಲೋ."

ಎರಡು ತಿಂಗಳು ಮಾಡಿದ ಕೆಲಸದ ಮೇಲೆ ಅಕ್ಕೋರಿಗೇ ಸಂಶಯ ಬಂದದ್ದು ಮುಖದ ಮೇಲೆ ಕಂಡಿತು. ನಾನು ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಷೀನೂ ಹೋಗುತ್ತಿದ್ದವು, ಅಕ್ಕೋರೂ ಹೋಗುತ್ತಿದ್ದರು.

"ವೈರಸ್ ಅಲ್ರಿ ಸರ. ನಾನು."

"ಅಂದ್ರ?"

"ಅಕ್ಕೋರು ತಗದ ಇಡು ಅಂದ್ರು. ತಗದೆ. ಬುಟ್ಟಿ ತುಂಬಿತ್ತು, ಚಲ್ಲಿದೆ."

"ಏನ್ ಒತ್ತಿ ತಗದ್ರಿ ಆಯಿ?" ಅಂದರು ಅಕ್ಕೋರು. ಏಳನೆಯ ಮಷೀನಿಗೆ ಹೋಗಿ, ಬಲಗಡೆ ಒತ್ತಿ, ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅಕ್ಕೋರು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು, ಅದನ್ನೂ ಒತ್ತಿಬಿಟ್ಟಾಳು ಅಂತ.

"ಆಯಿ, ಅಂದ್ರ ನನ್ನ ಕೌದಿ ನೀ ತಿಪ್ಪಿಗೆ ಹಾಕಿದಿ" ಅಂದಳು ಮೊಮ್ಮಗಳು.

"ಕೌದಿ ಮನ್ಯಾಗ ಐತಿ. ಮತ್ತ ಬರಿ."

"ನಾಕ ದಿನಾ ಬರದೇನಿ ನಾ!"

"ನಾ ಅದನ್ನ ನಾಕ ತಿಂಗಳ ಹೊಲದೇನಿ. ಸುಮ್ನ ಕುಂದ್ರು."

ಹೆಡ್‌ಮಾಸ್ತರರಿಗೆ ನಿರುಂಬಳ ಆದಂತೆ ಕಂಡಿತು. "ಅದಕ್ಕ ನಾ ಅಂದದ್ದು. ಕನ್ನಡದ ಉಸಾಬರಿ ಬ್ಯಾಡ. ಮೊದಲಿನ ಇಂಗ್ಲಿಷಿನ ಗಂಟಿನ ಸಿಡಿ ಕಪಾಟಿನ್ಯಾಗ ಐತಲ್ಲ, ಅದನ್ನ ಸುರೀರಿ. ಸಾಹೇಬ್ರಿಗೂ ಚಂದ ಕಾಣತೈತಿ. ಕಲೀಲಾರದವರ ಕೈಯಾಗ ಕೊಟ್ಟದ್ದ ತಪ್ಪಾತು."

ಆ ಮಾತು ನನಗೂ ಬರೋಬರಿ ಅನ್ನಿಸಿತು. ತಪ್ಪು ನನ್ನದು, ಹೊಲಸಾದದ್ದು ಹದಿನೆಂಟು ಹುಡುಗಿಯರ ಕೆಲಸ. ಆದರೆ ಅಕ್ಕೋರು ಕರಿಹಲಗೆಯ ಕಡೆ ಹೋಗಿ, ಪಟ್ಟಿಯೊಳಗಿನ ಮಾತುಗಳನ್ನು ಒಂದರ ಕೆಳಗೆ ಒಂದು ಬರೆದರು. ತೆರೆ. ಉಳಿಸು. ತೆಗೆದುಹಾಕು.

"ನೀವು ಚಿತ್ರದ ಮ್ಯಾಲೆ ಎರಡ ಸಲ ಒತ್ತೂದನ್ನ ಮರತ್ರಿ ಅಂತ ತಿಳಕೋರಿ. ಓದಿ ಒತ್ತಬೇಕು. ನಿಮ್ಮ ಪುಟಾ ತಗೀಬೇಕಂದ್ರ ಯಾವುದನ್ನ ಒತ್ತತೀರಿ? ಕೈ ಎತ್ತರಿ."

ತೆರೆಗೆ ಐದಾರು ಕೈ ಎದ್ದವು. ತೆಗೆದುಹಾಕು ಅಂದಾಗ ಖೋಲಿ ತುಂಬ ಕೈ.

"ಅಲ್ಲಿ ಅದು ಇಲ್ಲದಂಗ ಮಾಡೂದು ಅಂತ ಅರ್ಥ" ಅಂದರು ಅಕ್ಕೋರು.

"ಅದೆಂಗ್ರಿ?" ಅಂದಳು ನನ್ನ ಮೊಮ್ಮಗಳು. "ಬಾಗಲಾ ತಗಿ ಅಂದ್ರ ಯಾರರ ಬಾಗಲಾ ಕಿತ್ತ ಒಗೀತಾರೇನ್ರಿ?"

"ಕಸಾ ತಗಿ ಅಂದ್ರ ಒಗೀತಾರಲ್ಲ" ಅಂತ ಇನ್ನೊಬ್ಬಳು.

"ಚಿತ್ರಾ ತಗಿ ಅಂದ್ರ?"

ಎಲ್ಲರೂ ನಕ್ಕರು, ಅಳುತ್ತಿದ್ದವಳೂ ನಕ್ಕಳು. ಅಕ್ಕೋರು ಮಾತ್ರ ಹೆಡ್‌ಮಾಸ್ತರರ ಕಡೆ ತಿರುಗಿದರು. "ಇವತ್ತ ಆಯಿ ಒತ್ತಿದ್ರು ಸರ. ನಾಳೆ ಇವರು ಒತ್ತತಿದ್ರು, ಸಾಹೇಬ್ರ ಮುಂದ. ಚಲೋ ಆತು ಇವತ್ತ ಆದದ್ದು. ಇಂಗ್ಲಿಷ್ ಹಾಕಿದ್ರ ಇವರು ಮತ್ತ ಚಿತ್ರಾ ನೋಡಿ ಒತ್ತತಾರ. ಮಾತ ಬದಲ ಮಾಡ್ತೇನಿ."

"ಗುರುವಾರ ನಾಕ ದಿನಾ ಉಳದೈತ್ರಿ."

"ಮಾಡ್ತೇನ್ರಿ."

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. "ನಾ ಮುಂಜಾನಿ ಏಳೂವರಿಗೆ ಬರ್ತೇನ್ರಿ" ಅಂದೆ.

ಆ ಶನಿವಾರ ಸಾಲಿ ಬಿಟ್ಟರೂ ಯಾರೂ ಏಳಲಿಲ್ಲ. ಹಲಗೆಯ ಮೇಲೆ ಮಾತಿನ ಸಂತೆ. ತೆರೆ ಹೋಗಿ 'ತಗಿ' ಬಂತು, ಅದಕ್ಕೆ ಯಾರದೂ ತಕರಾರಿಲ್ಲ. 'ಉಳಿಸು' ಅಂದರೆ ನಮ್ಮ ಮನಿಗಳಲ್ಲಿ ಗಂಗಾಳದಲ್ಲಿ ರೊಟ್ಟಿ ಉಳಿಸಿ ಬೈಸಿಕೊಳ್ಳುವುದು. ಅದು 'ಇಟ್ಕೋ' ಆಯಿತು. ಇಲ್ಲದಂಗ ಮಾಡುವುದಕ್ಕೆ ಒಬ್ಬಳು 'ಒಗಿ' ಅಂದಳು.

"ಒಗದ್ರ ತೊಳದ ಸ್ವಚ್ಛ ಆಗಿ ತಿರುಗಿ ಬರ್ತೈತೇನ್ರಿ?" ಅಂದಳು ಅಗಸರ ಮನಿಯ ಹುಡುಗಿ. ನಮ್ಮಲ್ಲಿ ಅರಿವೆಯನ್ನೂ ಒಗೆಯುತ್ತೇವೆ, ಕಲ್ಲನ್ನೂ ಒಗೆಯುತ್ತೇವೆ. ಅದೂ ಬಿತ್ತು. ಅಕ್ಕೋರು ನನ್ನ ಕಡೆ ತಿರುಗಿದರು. "ಆಯಿ, ಬುಟ್ಟಿ ಕಸಾ ಏನ್ ಮಾಡಿದೆ ಅಂದ್ರಿ ನೀವು ಆಗಳೆ?"

"ಚಲ್ಲಿದೆ."

ಚಲ್ಲು. ಅದೇ ನಿಂತಿತು. ಬುಟ್ಟಿ ಖಾಲಿ ಮಾಡುವುದಕ್ಕೆ ಮೊಮ್ಮಗಳು ನನ್ನನ್ನೇ ನೋಡುತ್ತ, "ತಿಪ್ಪಿಗೆ ಹಾಕು" ಅಂದಳು. ಅದನ್ನೂ ಬರೆದುಕೊಂಡರು. ಒತ್ತಿದರೆ ಕೇಳುವ ಮಾತನ್ನು ನಾನು ಹೇಳಿದೆ. "ತಿಪ್ಪಿಗೆ ಹೋದದ್ದು ಮತ್ತ ಸಿಗೂದಿಲ್ಲ. ಹಾಕ್ಲೇನು?" ಅಷ್ಟು ಸ್ವಚ್ಛ ಕೇಳಿದ್ದರೆ ಅವತ್ತು ನಾನೂ ಹೌದು ಅನ್ನುತ್ತಿರಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ. ಹದಿನೆಂಟು ಹುಡುಗಿಯರು ಕಳೆದದ್ದನ್ನು ಮತ್ತೆ ಬರೆದರು. ಎರಡನೆಯ ಸಲ ಬೇಗ ಬಂತು. ಮೊಮ್ಮಗಳ ಕೌದಿ ಮೊದಲಿನದಕ್ಕಿಂತ ಚಂದ ಆಯಿತು ಅಂತ ನನ್ನ ಅನಿಸಿಕೆ. ಆಕೆ ಒಪ್ಪುವುದಿಲ್ಲ. ಅಕ್ಕೋರು ಮಾತಿನ ಉದ್ದ ಪಟ್ಟಿ ಮುಂದೆ ಇಟ್ಟುಕೊಂಡು, ಎಲ್ಲೆಲ್ಲಿ ಹಳೆಯ ಮಾತು ಅಡಗಿತ್ತೋ ಹುಡುಕಿ ಹುಡುಕಿ ತಿದ್ದಿದರು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹಳೆಯದೇ ಇಣುಕುತ್ತಿತ್ತು. ಪೆನ್‌ಡ್ರೈವ್ ಕೀಳುವ ಮೊದಲು ಒತ್ತುವ ಗುಂಡಿಯ ಮೇಲೂ 'ಸುರಕ್ಷಿತವಾಗಿ ತೆಗೆ' ಅಂತ ಇತ್ತು. ಅದನ್ನು 'ಈಗ ಕಿತ್ಕೋ' ಮಾಡಿದರು. ಬುಧವಾರ ನಾಲ್ಕೂಕಾಲಿನ ಬಸ್ಸಿನ ಹಾರನ್ ಕೇಳುವಾಗ ಕಡೆಯ ಮಾತು ಮುಗಿಯಿತು.

"ಕಟ್ಟೂದು, ಸುರಿಯೂದು ನಿಮ್ಮ ಕೈಯಾಗ ಐತಿ ಆಯಿ" ಅಂತ ಬುರ್ಖಾ ಹಾಕಿಕೊಳ್ಳುತ್ತ ಓಡಿದರು.

ಗುರುವಾರ ಏಳೂವರೆಗೆ ಕಟ್ಟು ಅಂದೆ. ಒಂಬತ್ತಕ್ಕೆ ಹದಿನೈದು ಮಿನಿಟ್ ಇರುವಾಗ ಗಂಟು ಮುಗಿಯಿತು. ಸುರಿಯಲಿಕ್ಕೆ ಹಚ್ಚಿದೆ. ಎರಡೆರಡರಂತೆ ಐದು ಸಲ. ಹನ್ನೊಂದಕ್ಕೆ ಹತ್ತು ಮಿನಿಟ್ ಇರುವಾಗ ಮುಗಿಯಬೇಕು. ಎರಡಾದವು, ನಾಲ್ಕಾದವು. ಅಕ್ಕೋರು ಬಂದರು, ಆರಾದವು. ಎಂಟಾದವು. ಕಡೆಯ ಎರಡರ ದೀಪ ಮಿಣಮಿಣ ಅನ್ನುತ್ತಿರುವಾಗ ಕರೆಂಟ್ ಹೋಯಿತು, ಅವತ್ತು ಕಾಲು ತಾಸು ಮೊದಲೇ.

"ಎಂಟ ಸಾಕ್ರಿ" ಅಂದರು ಹೆಡ್‌ಮಾಸ್ತರರು. "ಎರಡಕ್ಕ ಅರಿವಿ ಹೊಚ್ಚರಿ."

ಹೊಚ್ಚಿದೆ.

ಮಧ್ಯಾಹ್ನ ಎರಡಕ್ಕೆ ಕರೆಂಟ್ ಬಂತು. ಎಂಟು ಮಷೀನು ಎಬ್ಬಿಸುವುದರೊಳಗೆ, ಎರಡೂಕಾಲಿಗೆ, ಸಾಹೇಬರು ಬಂದರು. ಎತ್ತರದ ಮನುಷ್ಯ, ಮಾತು ಕಡಿಮೆ. ಎಂಟು ಮಷೀನಿನ ಮುಂದೆ ಹುಡುಗಿಯರು ತಮ್ಮ ತಮ್ಮ ಪುಟ ತೆಗೆದು ತೋರಿಸಿದರು. ಕೂರಿಗೆ, ಸಂಡಿಗೆ, ಕೌದಿ. ಸಾಹೇಬರು ಬಗ್ಗಿ ಪಟ್ಟಿ ಓದಿದರು. "ತಗಿ. ಇಟ್ಕೋ. ಚಲ್ಲು." ಮೀಸೆ ಕುಣಿಯಿತು. "ಇದ್ಯಾವ ಕನ್ನಡಾ?"

"ನಮ್ಮದ್ರಿ ಸರ" ಅಂದಳು ಮೊಮ್ಮಗಳು.

ಸಾಹೇಬರು ಮುಂದೆ ಹೋಗಿ ಅರಿವೆ ಎತ್ತಿದರು. "ಇವೆರಡು? ಇವು ನಡಿಯೂದಿಲ್ಲಾ?"

ಹೆಡ್‌ಮಾಸ್ತರರು, "ಅವು ಸ್ವಲ್ಪ ರಿಪೇರಿ..." ಅಂತ ಶುರು ಮಾಡಿದರು. ರಿಪೇರಿ ಅಂದರೆ ಹೊತ್ತುಕೊಂಡು ಹೋಗುತ್ತಾರೆ. ನಾನು ನಡುವೆ ಬಾಯಿ ಹಾಕಿದೆ.

"ರಿಪೇರಿ ಏನಿಲ್ರಿ ಸಾಹೇಬ್ರ. ಮುಂಜಾನಿ ಸುರಿಯಾಕತ್ತಾಗ ಕರೆಂಟ್ ಹೋತು. ಈಗ ಬಂದೈತಿ. ಕುಂದ್ರರಿ, ಚಾ ಕುಡೀರಿ, ಇಪ್ಪತ್ತೈದ ಮಿನಿಟ್‌ನಾಗ ಎಬ್ಬಿಸಿ ತೋರಸ್ತೇನಿ."

"ನೀವು ಯಾರು?"

"ಸಿಪಾಯಿ."

ಸಾಹೇಬರು ಅಕ್ಕೋರ ಮುಖ ನೋಡಿದರು. ಅಕ್ಕೋರು ಕುರ್ಚಿ ಸರಿಸಿ ನನಗೆ ಜಾಗ ಮಾಡಿಕೊಟ್ಟರು, ತಾವು ಮುಂದೆ ಬರಲಿಲ್ಲ. ನಾನು ಆ ನೆಟ್ಟಗಿನ ಮಷೀನಿಗೆ ಎರಡು ಪೆನ್‌ಡ್ರೈವ್ ಸಿಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ನಾಲ್ಕಕ್ಷರ ಒತ್ತಿದೆ. ಸುರಿ. ಚಾ ಬಂತು. ಸಾಹೇಬರು ಕುಡಿಯುತ್ತ ನನ್ನ ಹಿಂದೆಯೇ ಕೂತರು. ಪರದೆ ಮೇಲೆ ಮುಗಿಯಿತು ಅಂತ ಬಂದ ಕೂಡಲೇ ಅವರ ಕೈ ಪೆನ್‌ಡ್ರೈವಿಗೆ ಹೋಯಿತು.

"ಮುಟ್ಟಬ್ಯಾಡ್ರಿ!" ಅಂದೆ. ಹೆಡ್‌ಮಾಸ್ತರರ ಚಾದ ಕಪ್ ಬಸಿಯ ಮೇಲೆ ಖಣ್ ಅಂದಿತು. "ದೀಪಾ ಆರಲಿ. ಅದು ಅವಸರದ್ದು ಐತಿ, ಮುಗಿಯೂಕಿಂತ ಮೊದಲ ಮುಗೀತು ಅಂತೈತಿ."

ಸಾಹೇಬರು ಕೈ ಹಿಂದೆ ತೆಗೆದುಕೊಂಡರು. ದೀಪ ಆರಿತು. ಕಿತ್ತು ಒಯ್ದು, ಹಳೆಯ ಎರಡು ಮಷೀನಿಗೆ ಸಿಡಿ ಹಾಕಿ, ಪೆನ್‌ಡ್ರೈವ್ ಸಿಗಿಸಿ ಹಚ್ಚಿದೆ. ಅವು ತಮ್ಮ ಹೊತ್ತು ತೆಗೆದುಕೊಂಡು ಎದ್ದವು. ಹುಡುಗಿಯರು ಬರೆದದ್ದೆಲ್ಲ ಎರಡನೆಯ ಖಾನೆಯೊಳಗೆ ಇದ್ದ ಹಾಗೇ ಇತ್ತು.

ಸಾಹೇಬರು ಭೆಟ್ಟಿಯ ಪುಸ್ತಕ ತರಿಸಿ ಬರೆದರು. ಹೆಡ್‌ಮಾಸ್ತರರು ದೊಡ್ಡ ದನಿಯಲ್ಲಿ ಓದಿದರು: ಹತ್ತೂ ಯಂತ್ರಗಳು ನಡೆಯುತ್ತವೆ, ಇಲ್ಲಿಯೇ ಇರತಕ್ಕದ್ದು. ಅಕ್ಕೋರು ಗೂಟದ ಕಡೆ ತಿರುಗಿ ಬುರ್ಖಾ ಸರಿ ಮಾಡುವವರಂತೆ ಮುಖ ಒರೆಸಿಕೊಂಡರು. ಅವರು ಆಮೇಲೆ ನಾಲ್ಕು ವರ್ಷ ನಮ್ಮಲ್ಲೇ ಕಲಿಸಿದರು.

ಜೀಪು ಹತ್ತುವ ಮೊದಲು ಸಾಹೇಬರು ಅಕ್ಕೋರನ್ನು ಕರೆದು, ಈ ಗಂಟಿನ ಒಂದು ಪ್ರತಿ ಕೊಡ್ರಿ ಅಂದರು. ಬೇರೆ ಊರಿನ ಸಾಲಿಗಳಲ್ಲೂ ಮಷೀನು ಹೀಗೇ ಕೂತಿದ್ದವಂತೆ. ಕೊಟ್ಟರು. ಆ ಸಿಡಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತ ಸಾಹೇಬರು ಅನುಮಾನಿಸಿದರು. "ಅಲ್ರಿ, ಮಲಪ್ರಭಾ ಆಚಿ ದಂಡಿ ಹುಡುಗರಿಗೂ ಈ ಚಲ್ಲು, ಇಟ್ಕೋ ತಿಳೀತಾವೇನು? ಯಾರನ್ನ ಕೇಳಬೇಕು ಇದನ್ನ?"

ನಾನು ಕಸದ ಬುಟ್ಟಿ ಹಿಡಿದು ತಿಪ್ಪಿಯ ಕಡೆ ಹೊರಟಿದ್ದವಳು, ನಿಂತು ಹೇಳಿದೆ.

"ಅಲ್ಲಿ ಸಾಲಿ ಕಸಾ ಹೊಡಿಯೂ ಆಕಿನ್ನ ಕೇಳ್ರಿ."